ಒಂದು ಹಿಡಿ

ನಾಳೆ ಹನ್ನೊಂದಕ್ಕೆ, ಕೋರ್ಟ್ ಹಾಲ್ ಹದಿನೆಂಟು.
ಅಷ್ಟರೊಳಗೆ ಬರೆದು ತನ್ನಿ ಎಂದಿದ್ದಾರೆ ಲಾಯರಮ್ಮ,
ಬರೆದು, ಮಡಿಚಿ, ಲಕೋಟೆಗೆ ಅರಗು ಹಾಕಿ.
ಜಡ್ಜ್ ಒಬ್ಬರೇ ಒಡೆದು ನೋಡುತ್ತಾರಂತೆ.
"ಕಳುವಾದದ್ದು ಏನೆಂದು ಹೇಳದೆ
ಕಳ್ಳತನ ಅಂದರೆ ಯಾರು ನಂಬ್ತಾರೆ, ಶೆಟ್ಟರೆ?"

ಎರಡು ತಲೆಮಾರು ಬರೆಯದೆ ಕಾಪಾಡಿದ್ದು.
ಮಾಗಡಿ ರಸ್ತೆಯ ಶೀಟಿನ ಕಾರ್ಖಾನೆಯಲ್ಲಿ
ಡಬ್ಬಿಗಳ ಮೇಲೆ ಹೆಸರಿಲ್ಲ, ಬರೀ ನಂಬರು.
ಏಳು ಅಂದರೆ ಕಚೋರ. ಹನ್ನೆರಡು, ಜಟಾಮಾಂಸಿ.
ಮೂರರಲ್ಲಿ ಮರದ ಹೊಟ್ಟು,
ಕದಿಯುವವರಿಗೆಂದೇ ಅಪ್ಪ ಇಟ್ಟದ್ದು.
ಅವೆನ್ಯೂ ರೋಡಿನ ಗ್ರಂಧಿಗೆ ಅಂಗಡಿಯವನು ಲೆಕ್ಕ ಹಾಕದಿರಲೆಂದು
ಬೇಡದ ಬೇರುಗಳನ್ನೂ ಕೊಂಡು ತಂದು
ರಾತ್ರಿ ವೃಷಭಾವತಿಗೆ ಸುರಿಯುತ್ತಿದ್ದೆವು.
ಮೋರಿ ಸಹ ನಾಲ್ಕು ಮಾರು ಘಮಘಮ.

ಅಪ್ಪ ನನಗದನ್ನು ಹೇಳಿಕೊಟ್ಟದ್ದು
ಸ್ಕೂಟರಿನ ಹಿಂದೆ ಕೂತು, ಮೈಸೂರು ಬ್ಯಾಂಕ್ ಸರ್ಕಲ್ಲಿನ ಗದ್ದಲದಲ್ಲಿ,
ಮತ್ತೊಂದು ಕಿವಿಗೆ ಬೀಳದಿರಲೆಂದು.
ಒಂದೆರಡು ಮಾತು ಬಿಟಿಎಸ್ ಬಸ್ಸಿನ ಹಾರನ್ನಿನ ಪಾಲಾಯಿತು.
ತಿರುಗಿ ಕೇಳಲಿಲ್ಲ.

ಈ ಕಥೆಗಳನ್ನೆಲ್ಲ ಲಾಯರಮ್ಮ ಖುಷಿಯಿಂದ ಬರೆದುಕೊಂಡರು
(ಹಾರನ್ನಿನದು ಬಿಟ್ಟು; ಅದನ್ನು ನಾನು ಹೇಳಲಿಲ್ಲ).
ಬೀಗ ಹಾಕದವನ ಗುಟ್ಟು
ಕಾನೂನಿನ ಕಣ್ಣಿಗೆ ಗುಟ್ಟೇ ಅಲ್ಲವಂತೆ.
ಇದಕ್ಕೆಂದೇ ಬೇರೆ ಕಾಯಿದೆ ನಮ್ಮಲ್ಲಿಲ್ಲ, ಅಂದರು,
ನಂಬಿಕೆ ಮುರಿದದ್ದೇ ನಮಗೆ ಆಧಾರ.
ಛಾಪಾ ಕಾಗದ ಇದೆಯಲ್ಲ?
ಇದೆ. ನೂರು ರೂಪಾಯಿಯದು.
ಪುಟ್ಟಲಿಂಗಮ್ಮನ ಹೆಬ್ಬೆಟ್ಟಿದೆ ಅದರಲ್ಲಿ.
ನಾನೇ ಓದಿ ಹೇಳಿದ್ದೆ, ಕಲಮು ಕಲಮಾಗಿ.
"ಆಯ್ತು ಬುಡಿ ಸ್ವಾಮಿ" ಅಂದು
ಮಸಿ ಒರೆಸಿಕೊಂಡು ಮತ್ತೆ ಕಲಸಲು ಕೂತಿದ್ದಳು.

ಇಪ್ಪತ್ತಾರು ವರ್ಷ ಕಲಸಿದಳು.
ಹೋದ ಆಷಾಢದಲ್ಲಿ ಕುಂಬಳಗೋಡಿನ ಹೊಸ ಕಂಪನಿಗೆ ಹೋದಳು,
ದುಪ್ಪಟ್ಟು ಸಂಬಳ, ಕೂರಲು ಕುರ್ಚಿ.
ದೀಪಾವಳಿಗೆ ಅವರ ಪ್ಯಾಕೆಟ್ಟು ಬಂತು.
ಬೇರೆ ಹೆಸರು, ಬೇರೆ ದೇವರ ಚಿತ್ರ.
ಅಂಗಡಿಯ ಮೆಟ್ಟಿಲಲ್ಲೇ ಒಂದು ಕಡ್ಡಿ ಹಚ್ಚಿದೆ:
ನಮ್ಮ ಮನೆಯ ಕೂಸು ಯಾರದೋ ಅಂಗಿ ತೊಟ್ಟು
ನನ್ನ ಗುರುತೇ ಇಲ್ಲದಂತೆ ಎದುರಿಗೆ ಬಂದಿತ್ತು.

ಅವಳ ಕಡೆಯ ವಕೀಲ ಹುಡುಗ, ಮಾತು ಬಲು ಚುರುಕು.
"ಮಹಾಸ್ವಾಮಿ, ಇವರು ಮೂಗಿಗೆ ತಡೆಯಾಜ್ಞೆ ಕೇಳ್ತಿದ್ದಾರೆ.
ಕೆಲಸ ಬಿಡುವಾಗ ಕೈ ಎರಡೂ ಕಳಚಿ
ಹಳೇ ಮಾಲೀಕರ ಗೂಟಕ್ಕೆ ನೇತುಹಾಕಿ ಬರಬೇಕಿತ್ತೆ?"
ಕೋರ್ಟು ನಕ್ಕಿತು.
ಅವಳು ಮಾತ್ರ ನಗಲಿಲ್ಲ,
ಸೆರಗಿನೊಳಗೆ ಕೈ ಎಳೆದುಕೊಂಡಳು.

ಈಗ ರಾತ್ರಿ ಒಂದೂವರೆ.
ಬರೆದೆ: ಜಿಗಟು ಇಷ್ಟು, ಇದ್ದಿಲ ಪುಡಿ ಇಷ್ಟು.
ಏಳು, ಹನ್ನೆರಡು, ಹತ್ತೊಂಬತ್ತು.
ಒದ್ದೆ ಗೋಣಿಯಲ್ಲಿ ಒಂಬತ್ತು ರಾತ್ರಿ.
ಆಮೇಲೆ ಹಾಲುಮಡ್ಡಿ,
ಒಂದು ಹಿಡಿ.

ಯಾರ ಹಿಡಿ?
ಅಪ್ಪನದು ಗರಡಿಯ ಕೈ.
ನನ್ನದು ಲೆಕ್ಕ ಬರೆದ ಕೈ, ಒಂದು ದಿನವೂ ಕಲಸಿದ್ದಲ್ಲ.
ಮಳೆಗಾಲದಲ್ಲಿ ಅವಳು ಕಡಿಮೆ ಹಾಕುತ್ತಿದ್ದಳು,
ಶಿವರಾತ್ರಿಯ ಒಣ ಗಾಳಿಗೆ ಒಂಚೂರು ಜಾಸ್ತಿ.
ಎಷ್ಟು ಅಂತ ಒಮ್ಮೆ ಕೇಳಿದ್ದೆ.
"ಸಾಕು ಅನ್ನೋಗಂಟ."
ಯಾರು ಅನ್ನೋಗಂಟ ಎಂದು ಕೇಳಲಿಲ್ಲ.

ಹೆಂಡತಿಯನ್ನು ಎಬ್ಬಿಸಿ ಅಚ್ಚುಬೆಲ್ಲ ಪುಡಿ ಮಾಡಿಸಿ
ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದೆ.
ಅವಳ ಹಿಡಿ ತೊಂಬತ್ತೊಂದು ಗ್ರಾಂ.
ನನ್ನದು ನೂರಾ ಹದಿನೆಂಟು, ಎರಡನೇ ಸಲ ನೂರಾ ಆರು.
"ಏನ್ರೀ ಕಳೆದುಹೋಗಿದೆ ನಿಮಗೆ?" ಅಂದಳು,
ಉತ್ತರಕ್ಕೆ ಕಾಯದೆ ಬೆರಳು ಚೀಪುತ್ತಾ ಮಲಗಲು ಹೋದಳು.

ಅಂಕಿ ಬರೆಯಲು ಒಂದಂಗುಲ ಜಾಗ ಬಿಟ್ಟಿದ್ದೇನೆ.
ಅರಗು ಇನ್ನೂ ಹಾಕಿಲ್ಲ.
ನಾಳೆ ಹತ್ತಕ್ಕೇ ಹೋಗಿ ಕಾರಿಡಾರಿನ ಬೆಂಚಿನಲ್ಲಿ ಕೂರಬೇಕು.
ಅವಳು ಬಂದರೆ
ಎರಡೂ ವಕೀಲರ ಕಿವಿಗೆ ಬೀಳದ ಹಾಗೆ ಕೇಳಬೇಕು,
ಬಸ್ಸಿನ ಸದ್ದಿಲ್ಲದ ಕಡೆ.